ಮೂರನೆಯವರ ಮುಕ್ಕಾಲು ಅಂಕ

ಜೂನ್ 9

ಅಪ್ಪನಿಗೆ,

ಬಂದು ಎಂಟು ದಿನವಾಯಿತು. ಫೋನು ಮಾಡಲಿಲ್ಲ ಎಂದು ಅಮ್ಮ ಮುಖ ಊದಿಸಿಕೊಂಡಿರುತ್ತಾಳೆ, ಗೊತ್ತು. ಬಂದ ದಿನವೇ ನಮ್ಮೆಲ್ಲರ ಫೋನುಗಳನ್ನು ಒಂದು ಡಬ್ಬಿಗೆ ಹಾಕಿಸಿಕೊಂಡು ಬೀಗ ಜಡಿದರು. ಭಾನುವಾರ ಹತ್ತು ನಿಮಿಷ ಹಾಸ್ಟೆಲ್ಲಿನ ಫೋನು ಸಿಗುತ್ತದೆ. ಅದು ಇರುವುದು ಮೆಟ್ಟಿಲ ಕೆಳಗೆ, ಸರದಿಗೆ ನಿಂತ ಏಳು ಹುಡುಗಿಯರ ಕಿವಿಯ ಪಕ್ಕದಲ್ಲಿ. ಅದಕ್ಕಿಂತ ಕಾಗದವೇ ವಾಸಿ.

ಇಲ್ಲಿನ ಲೆಕ್ಕ ಹೀಗಿದೆ. ನಾವು ಎಂಟು ಜನ ಹೊಸಬರು. ಸೆಪ್ಟೆಂಬರ್ ಕೊನೆಗೆ ಮೊದಲ ನಾಲ್ವರನ್ನು ಕ್ಲಬ್ಬಿನ ದೊಡ್ಡ ಹಾಕಿ ತಂಡಕ್ಕೆ ತೆಗೆದುಕೊಳ್ಳುತ್ತಾರೆ, ಉಳಿದ ನಾಲ್ವರು ಮನೆಗೆ. ತಿಂಗಳ ಮೊದಲ ವಾರದ ಪಂದ್ಯಗಳ ಮೇಲೆ ಒಂದು ಪಟ್ಟಿ ಊಟದ ಕೋಣೆಯ ಬಾಗಿಲಿಗೆ ಅಂಟುತ್ತದೆ, ಯಾರು ಮೇಲೆ, ಯಾರು ಕೆಳಗೆ ಅಂತ. ಅಂಕ ಹಾಕುವವರು ಕೋಚ್ ಅಲ್ಲ, ಹೊರಗಿನ ಮೂವರು ವೀಕ್ಷಕರು. ಪಂದ್ಯಗಳ ವಿಡಿಯೊ ಅವರ ಮನೆಗೇ ಹೋಗುತ್ತದಂತೆ. ಹುಡುಗಿಯರ ಹೆಸರಿರುವುದಿಲ್ಲ, ಅಂಗಿಯ ನಂಬರು ಮಾತ್ರ. ಅವರು ಯಾರು ಅಂತ ನಮಗೂ ಗೊತ್ತಿಲ್ಲ, ಅವರಿಗೂ ಒಬ್ಬರಿಗೊಬ್ಬರು ಗೊತ್ತಿಲ್ಲ. ಮುಖ ತೋರಿಸದವರ ಕೈಯಲ್ಲಿ ನನ್ನ ಹಣೆಬರಹ ಇರುವುದು ನನಗೇಕೋ ಸರಿ ಕಾಣುತ್ತಿಲ್ಲ.

ಮೊದಲ ಪಟ್ಟಿಯಲ್ಲಿ ನಾನು ಎರಡನೆಯವಳು. ಅಮ್ಮನಿಗೆ ಹೇಳಿ. ನೀವು ಏನು ಹೇಳುತ್ತೀರಿ ಎಂದು ಗೊತ್ತು. ಮೂವತ್ತು ವರ್ಷದಿಂದ ಅಮ್ಮನ ಚಹಾಕ್ಕೆ ಹತ್ತಕ್ಕೆ ಏಳೂಮುಕ್ಕಾಲು ಕೊಡುತ್ತಾ ಬಂದವರು ನೀವು. ಕನ್ನಡಕದ ಅಂಗಡಿಯವರಿಗೆ ಪವರಿನ ಕಾಲು ಪಾಯಿಂಟೇ ಪ್ರಾಣ.

ನನ್ನ ಕೋಣೆಯಲ್ಲಿರುವವಳು ಹನ್ನೊಂದನೇ ನಂಬರಿನವಳು. ನಿಂತಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಎಲ್ಲರೂ ಮಿಡತೆ ಅನ್ನುತ್ತಾರೆ. ಎಡ ಅಂಚಿನಲ್ಲಿ ಆಡುತ್ತಾಳೆ, ನಾನು ನಡುವೆ. ಪಟ್ಟಿಯಲ್ಲಿ ಅವಳು ಐದನೆಯವಳು. ಒಳ್ಳೆಯವಳ ಹಾಗೆ ಕಾಣುತ್ತಾಳೆ.

ಹಳೆಯ ಕರಾರು ನೆನಪಿದೆಯಲ್ಲ? ನನ್ನ ಆಟ ನೋಡಲು ಬರಬೇಡಿ. ನೀವು ಅಂಪೈರ್ ಆಗಿ ನಿಂತು, ಚೆಂಡು ಕಾಲಿಗೆ ತಾಗಿತೆಂದು ನನ್ನ ಗೋಲನ್ನು ರದ್ದು ಮಾಡಿ ಐದು ವರ್ಷವಾಯಿತು. ಚೆಂಡು ನನ್ನ ಕಾಲಿಗೆ ತಾಗಿರಲಿಲ್ಲ. ಈಗಲೂ ಅದನ್ನೇ ಹೇಳುತ್ತೇನೆ.

ಜಗಳಗಂಟಿ ಮಗಳು,
ಏಳನೇ ನಂಬರು


ಜೂನ್ 18

ಮಗಳೇ,

ಕಾಗದ ಬಂತು. ನಿಮ್ಮಮ್ಮ ಮೂರು ಸಲ ಓದಿಸಿಕೊಂಡಳು. ಕನ್ನಡಕ ಸಿಗಲಿಲ್ಲವಂತೆ. ಕನ್ನಡಕದ ಅಂಗಡಿಯವನ ಹೆಂಡತಿಗೆ ಕನ್ನಡಕ ಸಿಗುವುದಿಲ್ಲ ಎಂದರೆ ನನ್ನ ವ್ಯಾಪಾರದ ಮರ್ಯಾದೆ ಏನಾಗಬೇಕು!

ಎರಡನೆಯ ಸ್ಥಾನ ಒಳ್ಳೆಯದೇ. ಆದರೆ ಪಟ್ಟಿಯನ್ನು ದಿನಾ ನೋಡುತ್ತಾ ನಿಲ್ಲಬೇಡ. ವೀಕ್ಷಕರು ಯಾರಾದರೇನು, ಅವರ ಕೆಲಸ ಅವರು ಮಾಡುತ್ತಾರೆ. ಇಪ್ಪತ್ತು ವರ್ಷ ಸೀಟಿ ಊದಿದವನು ಹೇಳುತ್ತಿದ್ದೇನೆ, ಅಂಕ ಹಾಕುವವನಿಗೂ ಅದು ಸುಲಭವಲ್ಲ.

ನಿನ್ನೆ ಒಬ್ಬ ನಿವೃತ್ತ ಮೇಷ್ಟ್ರು ಕಣ್ಣು ತೋರಿಸಲು ಬಂದಿದ್ದರು. ಗೋಡೆಯ ಅಕ್ಷರಗಳನ್ನೆಲ್ಲ ಕೊನೆಯ ಸಾಲಿನವರೆಗೆ ಪಟಪಟ ಓದಿದರು. ಅನುಮಾನ ಬಂದು ಹಲಗೆಯನ್ನು ತಿರುಗಿಸಿದೆ. ತಿರುಗಿಸಿದ ಮೇಲೂ ಅದನ್ನೇ ಓದಿದರು. ಕಾಯುತ್ತಾ ಕೂತಾಗ ಬಾಯಿಪಾಠ ಮಾಡಿಕೊಂಡಿದ್ದರು! "ಯಾಕೆ ಸಾರ್ ಹೀಗೆ?" ಅಂದರೆ, "ಫೇಲ್ ಆಗೋದು ಅಭ್ಯಾಸ ಇಲ್ಲಪ್ಪ" ಅಂದರು.

ಆ ಗೋಲಿನ ವಿಷಯ: ಚೆಂಡು ಕಾಲಿಗೆ ತಾಗಿತ್ತು. ಅದು ಮುಗಿದ ಮಾತು.

ಅಂಗಡಿ ಬಾಗಿಲು ಹಾಕುವ ಹೊತ್ತಾಯಿತು,
ನಿನ್ನ ಅಪ್ಪ

ಅಮ್ಮ ಸೇರಿಸಿದ್ದು: ನಿಮ್ಮಪ್ಪನ ಮೇಲೆ ನನಗೆ ಗುಮಾನಿ. ಅಂಗಡಿಯ ಹಿಂದಿನ ಕೋಣೆಗೆ ಚಿಲಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕೇಳಿದರೆ ಲೆನ್ಸಿನ ಕಂಪನಿಯ ಕೆಲಸ ಅನ್ನುತ್ತಾರೆ. ಲೆನ್ಸಿನ ಕಂಪನಿಯಲ್ಲಿ ಯಾರು ಸೀಟಿ ಊದುತ್ತಾರೆ?


ಜುಲೈ 14

ಅಪ್ಪನಿಗೆ,

ನಾಲ್ಕನೆಯ ಸ್ಥಾನ. ಎರಡರಿಂದ ನಾಲ್ಕಕ್ಕೆ ಇಳಿದೆ. ಮಿಡತೆ ಐದರಿಂದ ಮೂರಕ್ಕೆ ಹಾರಿದಳು. ನಾನು ಮೊದಲಿನ ಹಾಗೇ ಆಡುತ್ತಿದ್ದೇನೆ. ಹಾಗಿದ್ದರೆ ಯಾಕೆ ಹೀಗಾಯಿತು?

ನಾನು ನೋಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಕಳೆದ ಮಂಗಳವಾರ ಅಭ್ಯಾಸ ಮುಗಿಸಿ ನೀರಿನ ಬಾಟಲಿ ಮರೆತೆ ಎಂದು ವಾಪಸು ಹೋದೆ. ಕೋಚ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಿಡತೆ ನಿಂತಿದ್ದಳು. ಏಳನೇ ನಂಬರು ಅಂತ ಅವಳ ಬಾಯಿಂದ ಬಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ನನ್ನನ್ನು ಕಂಡದ್ದೇ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಆಮೇಲೆ ಕೋಣೆಯಲ್ಲಿ ಕೇಳಿದೆ.

"ಕೋಚ್ ಹತ್ರ ಏನ್ ಮಾತಾಡ್ತಿದ್ದೆ?"

"ಏನಿಲ್ಲ ಕಣೇ, ಸುಮ್ನೆ" ಅಂದಳು. ಸುಮ್ಮನೆ ಯಾರಾದರೂ ಕೋಚ್ ಕೋಣೆಗೆ ಹೋಗುತ್ತಾರಾ ಅಪ್ಪ?

ಅವಳ ಹತ್ತಿರ ಒಂದು ನೀಲಿ ನೋಟುಬುಕ್ಕಿದೆ. ನಾನು ಬಂದರೆ ದಿಂಬಿನ ಕೆಳಗೆ ತಳ್ಳುತ್ತಾಳೆ. ನನ್ನ ಮೇಲೆ ಕತ್ತಿ ಮಸೆಯುತ್ತಿದ್ದಾಳೆ ಅಂತ ಈಗಲೇ ಹೇಳಲಾರೆ. ಆದರೆ ತಲೆಗೆ ಹುಳ ಹೊಕ್ಕಿದೆ. ಇನ್ನು ಮೂರನೆಯ ವೀಕ್ಷಕರು ಅಂತ ಒಬ್ಬರಿದ್ದಾರಂತೆ, ಅವರದು ಬಲು ಬಿಗಿ ಕೈ ಅಂತ ಕೋಚ್ ಅಂದದ್ದನ್ನು ಗೋಲು ಕಾಯುವ ಹುಡುಗಿ ಕೇಳಿಸಿಕೊಂಡಳಂತೆ. ಅವರು ಯಾರ ಕಡೆಯವರೋ ಯಾರಿಗೆ ಗೊತ್ತು.

ನಿದ್ದೆ ಕಡಿಮೆಯಾಗಿರುವ
ನಿಮ್ಮ ಮಗಳು


ಜುಲೈ 22

ಮಗಳೇ,

ಗಾಬರಿಯಾಗಬೇಡ. ನಾಲ್ಕು ಎಂದರೆ ಇನ್ನೂ ಗೆರೆಯ ಒಳಗೇ ಇದ್ದೀಯ. ಪಕ್ಕದ ಮಂಚದವಳ ಮೇಲೆ ಗೂಢಚಾರಿಕೆ ಮಾಡಬೇಡ. ಮೈದಾನದಲ್ಲಿ ತಲೆ ಎತ್ತಿ ಆಡು. ಚೆಂಡು ಸಿಕ್ಕಾಗ ಎಡಗಡೆ ಒಮ್ಮೆ ನೋಡು, ಅಷ್ಟೇ ಸಾಕು. ಬಲ ಮಣಿಕಟ್ಟಿಗೆ ಬಿಳಿ ಪಟ್ಟಿ ಕಟ್ಟಿಕೊಂಡಿದ್ದೀಯಲ್ಲ, ನೋವು ಹೇಗಿದೆ? ಬಿಸಿನೀರಲ್ಲಿ ಇಡು.

ಇದಕ್ಕಿಂತ ಹೆಚ್ಚು ನಾನು ಹೇಳುವ ಹಾಗಿಲ್ಲ.

ಅಪ್ಪ


ಆಗಸ್ಟ್ 11

ಅಪ್ಪನಿಗೆ,

ಆರನೆಯ ಸ್ಥಾನ. ಗೆರೆಯ ಹೊರಗೆ.

ಈಗ ಒಂದೇ ಒಂದು ಪ್ರಶ್ನೆ. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡದ್ದನ್ನು ನಾನು ನಿಮಗೆ ಬರೆದಿರಲಿಲ್ಲ. ಭಾನುವಾರದ ಫೋನಿನಲ್ಲಿ ಅಮ್ಮನಿಗೂ ಹೇಳಿರಲಿಲ್ಲ, ಹೆದರಿಯಾಳು ಅಂತ. ನನ್ನ ಕಾಗದಗಳ ನಕಲು ಮನಸ್ಸಿನಲ್ಲೇ ಇದೆ, ಹತ್ತು ಸಲ ತಿರುವಿ ಹಾಕಿದೆ. ಹಾಗಾದರೆ ನಿಮಗೆ ಹೇಳಿದವರು ಯಾರು? ಪಟ್ಟಿ ಕಟ್ಟಿದವಳು ಮಿಡತೆ. ಮನೆಯ ವಿಳಾಸ ನನ್ನ ಪೆಟ್ಟಿಗೆಯ ಮೇಲೇ ಇದೆ. ನೀಲಿ ನೋಟುಬುಕ್ಕಿನಿಂದ ಹಾಳೆ ಹರಿದದ್ದನ್ನೂ ನಾನು ನೋಡಿದ್ದೇನೆ. ಅವಳು ನಿಮಗೆ ಕಾಗದ ಬರೆಯುತ್ತಿದ್ದಾಳಾ? ಏನಂತ ಬರೆಯುತ್ತಾಳೆ? ನನ್ನ ಆಟ ಕೆಟ್ಟಿದೆ ಅಂತಲಾ? ನೀವು ಅದನ್ನು ನಂಬಿದಿರಾ?

ನನ್ನ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಅವಳ ಜೊತೆ ಮಾತು ಬಿಟ್ಟು ಹನ್ನೆರಡು ದಿನ. ನಿನ್ನೆ ನನ್ನ ತಟ್ಟೆಯನ್ನೂ ತೊಳೆದಿಟ್ಟಿದ್ದಳು. ನಾನು ಅದನ್ನು ಮತ್ತೆ ತೊಳೆದೆ. ಅವಳು ನೋಡುತ್ತಾ ನಿಂತಿದ್ದಳು.

ಉತ್ತರ ಬೇಗ ಬರಲಿ.

ಮಗಳು


ಆಗಸ್ಟ್ 20

ನನ್ನ ಪುಟ್ಟಿಗೆ,

ಅಮ್ಮ ಬರೆಯುತ್ತಿದ್ದೇನೆ. ಕನ್ನಡಕ ಸಿಕ್ಕಿತು, ಸಕ್ಕರೆ ಡಬ್ಬದ ಹಿಂದಿತ್ತು.

ನಿನ್ನ ಕಾಗದ ಓದಿದಾಗಿನಿಂದ ನಿಮ್ಮಪ್ಪನಿಗೆ ಊಟ ಸೇರುತ್ತಿಲ್ಲ. ಉತ್ತರ ಬರೆಯಲು ಕೂರುತ್ತಾರೆ, ಹರಿಯುತ್ತಾರೆ. ನಮಗೆ ಯಾವ ಹುಡುಗಿಯೂ ಕಾಗದ ಬರೆದಿಲ್ಲ. ಅಂಚೆಯವನಿಂದ ಕಾಗದ ಇಸಿದುಕೊಳ್ಳುವವಳು ನಾನೇ. ಆ ಮಗುವನ್ನು ಸುಮ್ಮನೆ ದೂರಬೇಡ.

ಇನ್ನೊಂದು ವಿಷಯ. ಮುಚ್ಚಿಟ್ಟರೆ ನನ್ನ ಹೊಟ್ಟೆ ಒಡೆದೀತು. ನಿಮ್ಮಪ್ಪ ಬಾಗಿಲು ಹಾಕಿಕೊಂಡು ಕೂರುವುದು ಪ್ರತಿ ತಿಂಗಳ ಮೊದಲ ವಾರ. ನಾನು ಏನೇನೋ ಯೋಚನೆ ಮಾಡಿದೆ. ಈ ವಯಸ್ಸಿನಲ್ಲಿ ಯಾವಳೋ ಗಂಟುಬಿದ್ದಳೋ ಏನೋ ಅಂತ. ಈ ತಿಂಗಳೂ ಹಾಗೇ ಕೂತಾಗ ಸ್ಟೂಲು ಹತ್ತಿ ಗಾಳಿ ಕಿಂಡಿಯಿಂದ ಇಣುಕಿದೆ. ಹೆಂಗಸರು ಇದ್ದರು, ಒಬ್ಬಳಲ್ಲ, ಹತ್ತು ಹದಿನೈದು ಜನ, ಕೈಯಲ್ಲಿ ಹಾಕಿ ಕೋಲು! ಒಂದೇ ಓಟವನ್ನು ಹಿಂದೆ ಮುಂದೆ ಮಾಡಿ ನೋಡುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು. ಮಗಳನ್ನು ನೆನೆದು ಯಾವುದೋ ಆಟ ನೋಡುತ್ತಿದ್ದಾರೆ ಪಾಪ ಅಂದುಕೊಂಡು ಇಳಿದೆ. ಇಳಿಯುವಾಗ ಸ್ಟೂಲು ವಾಲಿ ಮೊಣಕಾಲು ತರಚಿತು. ಮೆಟ್ಟಿಲಿಂದ ಬಿದ್ದೆ ಅಂತ ಹೇಳಿದ್ದೇನೆ, ನೀನೂ ಹಾಗೇ ಹೇಳು.

ಹೊಟ್ಟೆ ತುಂಬ ಊಟ ಮಾಡು.

ಅಮ್ಮ


ಸೆಪ್ಟೆಂಬರ್ 5

ಕನ್ನಡಕದ ಅಂಗಡಿಯವರಿಗೆ,

ಇವತ್ತು ಕೋಚ್ ನಮಗೆಲ್ಲ ಅಂಕದ ಹಾಳೆ ಹಂಚಿದರು. ಎಲ್ಲಿ ತಪ್ಪುತ್ತಿದ್ದೇವೆ ಎಂದು ತಿಳಿಯಲಿ ಅಂತ, ಕೊನೆಯ ತಿಂಗಳಿಗೆ ಮೊದಲು ಪ್ರತಿ ವರ್ಷ ಕೊಡುತ್ತಾರಂತೆ. ವೀಕ್ಷಕರ ಹೆಸರಿಲ್ಲ. ಮೊದಲನೆಯವರು, ಎರಡನೆಯವರು, ಮೂರನೆಯವರು ಎಂದು ಮೂರು ಸಾಲು. ಮೊದಲ ಇಬ್ಬರದೂ ಪೂರ್ತಿ ಅಂಕ, ಇಲ್ಲವೇ ಅರ್ಧ. ಮೂರನೆಯವರು ಜೂನ್‌ನಲ್ಲಿ ಏಳೂಮುಕ್ಕಾಲು. ಜುಲೈನಲ್ಲಿ ಆರೂಮುಕ್ಕಾಲು. ಆಗಸ್ಟ್‌ನಲ್ಲಿ ಐದೂಮುಕ್ಕಾಲು.

ಈ ಲೋಕದಲ್ಲಿ ಹತ್ತಕ್ಕೆ ಏಳೂಮುಕ್ಕಾಲು ಕೊಡುವವರು ಎಷ್ಟು ಮಂದಿ ಇದ್ದಾರೆ? ನನಗೆ ಒಬ್ಬರೇ ಗೊತ್ತು. ಚಹಾಕ್ಕೆ, ನನ್ನ ಚಿತ್ರಗಳಿಗೆ, ನಾನು ಮೊದಲ ಸಲ ಸೈಕಲ್ ತುಳಿದದ್ದಕ್ಕೆ ಕಾಲು ಅಂಕ ಕತ್ತರಿಸಿ ಕೊಟ್ಟವರು. ಅಮ್ಮ ಕಿಂಡಿಯಿಂದ ಕಂಡದ್ದು ಯಾರನ್ನು ಅಂತ ಈಗ ಗೊತ್ತಾಯಿತು. ಬಿಳಿ ಪಟ್ಟಿಯ ಸುದ್ದಿ ಹೇಗೆ ಬಂತು ಅಂತಲೂ ಗೊತ್ತಾಯಿತು.

ಎಂಟೂ ಜನರ ಹಾಳೆ ಹೋಲಿಸಿ ನೋಡಿದೆ. ನನಗೆ ಅತಿ ಕಡಿಮೆ ಕೊಟ್ಟವರು ನೀವೇ. ನಾನು ಮಿಡತೆಯನ್ನು ಅನುಮಾನಿಸಿದೆ, ಕೋಚನ್ನು ಅನುಮಾನಿಸಿದೆ, ಅಡುಗೆಯವರನ್ನೂ ಬಿಡಲಿಲ್ಲ. ಬೆನ್ನಿಗೆ ಚೂರಿ ಹಾಕುತ್ತಿದ್ದವರು ನನ್ನ ಕಾಗದಕ್ಕೆ ಉತ್ತರ ಬರೆಯುತ್ತಾ ಕೂತಿದ್ದರು.

ಯಾಕೆ?

ಏಳು


ಸೆಪ್ಟೆಂಬರ್ 12

ಮಗಳೇ,

ಮೊದಲು ಇದು. ಇವತ್ತು ಬೆಳಿಗ್ಗೆ ಕ್ಲಬ್ಬಿಗೆ ಬರೆದು ಹಾಕಿದೆ. ಏಳನೇ ನಂಬರು ನನ್ನ ಮಗಳು, ನಾನು ಅದನ್ನು ಮುಚ್ಚಿಟ್ಟೆ, ನನ್ನ ಅಂಕಗಳನ್ನು ತೆಗೆದುಹಾಕಿ ಎಂದು. ಇನ್ನು ನಾನು ವೀಕ್ಷಕನಲ್ಲ.

ಚಳಿಗಾಲದಲ್ಲಿ ಅವರು ನನ್ನನ್ನು ಕೇಳಿದಾಗ ನೀನು ಆಯ್ಕೆಯಾಗಿರಲಿಲ್ಲ. ಹಳೆಯ ಅಂಪೈರ್ ಎಂದು ಕರೆದರು, ಒಪ್ಪಿಕೊಂಡೆ. ಮನೆಯಲ್ಲೂ ಹೇಳಬಾರದೆಂದು ಸಹಿ ಹಾಕಿಸಿಕೊಂಡರು. ಸಂಬಂಧಿಕರು ಯಾರಾದರೂ ಇದ್ದರೆ ತಕ್ಷಣ ತಿಳಿಸಬೇಕು ಎಂಬ ಸಾಲೂ ಅದರಲ್ಲಿತ್ತು. ನೀನು ಆಯ್ಕೆಯಾದ ದಿನ ತಿಳಿಸಬೇಕಿತ್ತು. ನಾಳೆ ಬರೆದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಮೊದಲ ವಿಡಿಯೊ ಬಂತು.

ನನ್ನ ಆಟ ನೋಡಲು ಬರಬೇಡಿ ಎಂದು ನೀನು ಹೇಳಿ ಐದು ವರ್ಷ. ನಾನು ಬಂದಿಲ್ಲ. ನಿನಗೆ ಹದಿನಾಲ್ಕು ಇದ್ದಾಗಿನ ಓಟ ಮಾತ್ರ ನನ್ನ ಕಣ್ಣಲ್ಲಿತ್ತು. ವಿಡಿಯೊದಲ್ಲಿ ನೀನು ನಡುವಿನಿಂದ ಚೆಂಡು ತೆಗೆದುಕೊಂಡು ಹೊರಟೆ, ಮೂವರನ್ನು ದಾಟಿದೆ. ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನಿಜ ಹೇಳಿದರೆ ಇದನ್ನೂ ಕಳೆದುಕೊಳ್ಳುತ್ತೇನಲ್ಲ ಅನ್ನಿಸಿತು. ಬರೆಯಲಿಲ್ಲ. ಆಸೆಬುರುಕನಾದೆ.

ಅಂಕ ಹಾಕುವಾಗ ಭಯವಾಯಿತು. ಅಪ್ಪ ಎಂದು ಕೈ ಸಡಿಲವಾದರೆ? ಅದಕ್ಕೆ ಮೊದಲು ಮನಸ್ಸಿಗೆ ಬಂದ ಅಂಕ ಬರೆದುಕೊಂಡು, ಅದರಲ್ಲಿ ಒಂದನ್ನು ಕಳೆದು ಕಳಿಸುತ್ತಿದ್ದೆ. ಪ್ರತಿ ತಿಂಗಳೂ ಒಂದು. ನ್ಯಾಯ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಮಗಳಾದದ್ದಕ್ಕೆ ನಿನಗೆ ದಂಡ ಹಾಕುತ್ತಿದ್ದೇನೆ ಎಂದು ನಿನ್ನ ಕಾಗದ ಓದಿದ ಮೇಲೆ ಹೊಳೆಯಿತು. ನನ್ನನ್ನು ಏನು ಬೇಕಾದರೂ ಅನ್ನು.

ಆದರೆ ಬೈದು ಮುಗಿಸಿದ ಮೇಲೆ ಹಾಳೆಯನ್ನು ಇನ್ನೊಮ್ಮೆ ನೋಡು. ನೀನು ಮೂರನೆಯ ಸಾಲನ್ನೇ ನೋಡುತ್ತಾ ಕೂತೆ. ಮೊದಲನೆಯವರು, ಎರಡನೆಯವರು ಏನು ಕೊಟ್ಟಿದ್ದಾರೆ? ನನಗೆ ಗೊತ್ತಿಲ್ಲ, ಆದರೆ ಅವರದೂ ಇಳಿದಿರಬೇಕು. ಯಾಕೆಂದರೆ ನನ್ನ ಮನಸ್ಸಿನ ಅಂಕವೂ ಇಳಿಯಿತು. ನಾನು ಎಣಿಸಿದ್ದೇನೆ. ಮೊದಲ ತಿಂಗಳ ಪಂದ್ಯಗಳಲ್ಲಿ ಹನ್ನೊಂದನೆಯವಳಿಗೆ ನೀನು ಹತ್ತೊಂಬತ್ತು ಸಲ ಚೆಂಡು ಕೊಟ್ಟಿದ್ದೀಯ. ಎರಡನೆಯ ತಿಂಗಳು ಏಳು. ಮೂರನೆಯ ತಿಂಗಳು ಒಂದು, ಅದೂ ಗೋಲಿನ ಹುಡುಗಿ ಕಿರುಚಿದ ಮೇಲೆ. ಅವಳು ಎಡಗಡೆ ಕೈ ಎತ್ತಿಕೊಂಡು ಖಾಲಿ ನಿಂತಿರುತ್ತಾಳೆ, ನೀನು ಅವಳನ್ನು ನೋಡಿಯೂ ನೋಡದ ಹಾಗೆ ಇಬ್ಬರ ನಡುವೆ ನುಗ್ಗಿ ಚೆಂಡು ಕಳೆದುಕೊಳ್ಳುತ್ತೀಯ. ಎಡಗಡೆ ನೋಡು ಎಂದು ಬರೆದೆ. ಅದಕ್ಕಿಂತ ಬಿಡಿಸಿ ಬರೆದಿದ್ದರೆ ಸಿಕ್ಕಿಬೀಳುತ್ತಿದ್ದೆ. ನನ್ನ ಗುಟ್ಟು ಉಳಿಸಿಕೊಳ್ಳಲು ನಿನ್ನನ್ನು ಬೀಳಲು ಬಿಟ್ಟೆ. ಒಂದು ಅಂಕ ಕಳೆದದ್ದಕ್ಕಿಂತ ಇದು ದೊಡ್ಡ ತಪ್ಪು.

ತಲೆ ತಗ್ಗಿಸಿ,
ಅಪ್ಪ


ಅಕ್ಟೋಬರ್ 1

ಅಪ್ಪನಿಗೆ,

ಎರಡು ವಾರ ನಿಮಗೆ ಬರೆಯಬಾರದು ಅಂದುಕೊಂಡಿದ್ದೆ. ಬರೆಯದೆ ಇದ್ದೆ ಕೂಡ.

ನಿಮ್ಮ ಕಾಗದ ಕ್ಲಬ್ಬಿಗೆ ಬಂದ ದಿನವೇ ಸುದ್ದಿ ಹಾಸ್ಟೆಲ್ ತುಂಬ ಹರಡಿತು. ನಿಮ್ಮ ಅಂಕ ತೆಗೆದು ಪಟ್ಟಿಯನ್ನು ಮತ್ತೆ ಹಾಕಿದರು. ನಾನು ಆರರಿಂದ ಐದಕ್ಕೆ ಬಂದೆ, ಅಷ್ಟೇ. ನೀವು ಹೇಳಿದ್ದು ನಿಜ, ಉಳಿದ ಇಬ್ಬರದೂ ಇಳಿದಿತ್ತು. ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಎರಡನೆಯ ಸ್ಥಾನ ಉಳಿಸಿಕೊಳ್ಳಬೇಕೆಂದು, ಮಿಡತೆಯ ಮೇಲೆ ಅನುಮಾನ ಬರುವ ಮೊದಲೇ ನಾನು ಚೆಂಡು ಬಿಟ್ಟುಕೊಡದೆ ಆಡತೊಡಗಿದ್ದೆ.

ಅಪ್ಪ ಅಂಕ ಹಾಕುತ್ತಿದ್ದರು ಎಂದಾಗ ಎಲ್ಲರೂ ಹುಬ್ಬೇರಿಸಿದರು. ಕಡಿಮೆ ಹಾಕುತ್ತಿದ್ದರು ಎಂದರೆ ಯಾರೂ ನಂಬಲಿಲ್ಲ. ಹಾಳೆ ತೋರಿಸಿದರೂ ನಂಬಲಿಲ್ಲ. ಏನೋ ಒಳಸಂಚು ಇದೆ ಅಂತಲೇ ಅವರ ಮಾತು. ನಾನು ಊಟದ ಕೋಣೆಗೆ ಹೋದರೆ ಮಾತು ನಿಲ್ಲುತ್ತದೆ. ಮೂರು ತಿಂಗಳು ನಾನು ಮಿಡತೆಯನ್ನು ಹೇಗೆ ನೋಡಿದೆನೋ ಹಾಗೇ ಈಗ ಎಲ್ಲರೂ ನನ್ನನ್ನು ನೋಡುತ್ತಾರೆ. ಅದರ ಉರಿ ಏನು ಅಂತ ಈಗ ಗೊತ್ತಾಯಿತು.

ಮಿಡತೆಯನ್ನು ಕೇಳಿದೆ. ಇಷ್ಟು ದಿನದ ಮೇಲೆ ಮೊದಲ ಮಾತು.

"ಅವತ್ತು ಕೋಚ್ ಹತ್ರ ನನ್ನ ವಿಷಯ ಮಾತಾಡ್ತಿದ್ದೆ ತಾನೇ?"

"ಹೌದು, ನಿನ್ನ ವಿಷಯಾನೇ" ಅಂದಳು. "ಏಳು ನಂಗೆ ಚೆಂಡು ಕೊಡ್ತಿಲ್ಲ, ನಾನೇನ್ ತಪ್ಪು ಮಾಡ್ದೆ ಅಂತ ಕೇಳ್ದೆ. ನಿನ್ನೇ ಕೇಳೋಕೆ ಭಯ ಆಯ್ತು. ನಿನ್ ಮುಖ ಹಂಗಿತ್ತು."

"ಆ ನೀಲಿ ನೋಟುಬುಕ್ಕು?"

"ಅದು ನಿಂಗ್ಯಾಕೆ? ಅದರಲ್ಲಿ ಏನಿದ್ರೆ ನಿಂಗೇನು?" ಎಂದು ರೇಗಿದಳು. ಅದು ಏನೆಂದು ನನಗೆ ಇವತ್ತಿಗೂ ತಿಳಿಯದು. ಆಮೇಲೆ "ನಿಮ್ಮಪ್ಪ ಕಡಿಮೆ ಕೊಟ್ಟಿದ್ದು ನಿಜಾನಾ?" ಅಂದಳು. ನಿಜ ಅಂದೆ. "ಪಾಪ ನೀನು" ಅಂದಳು. ನಂಬಿದವಳು ಅವಳೊಬ್ಬಳೇ.

ಕೊನೆಯ ಪಂದ್ಯ ಮೊನ್ನೆ ಆಯಿತು. ಎರಡಕ್ಕೆ ಎರಡು ಸಮ, ಇನ್ನು ಮೂರು ನಿಮಿಷ ಇತ್ತು. ಗೋಲಿನ ಮುಂದಿನ ಅರ್ಧ ವೃತ್ತದೊಳಗೆ ಚೆಂಡು ನನಗೆ ಸಿಕ್ಕಿತು. ಎದುರಿಗೆ ಒಬ್ಬಳೇ. ಹೊಡೆಯಬಹುದಿತ್ತು. ನಾಲ್ಕನೆಯವಳಿಗೂ ನನಗೂ ಅರ್ಧ ಅಂಕದ ಅಂತರ ಅಂತ ತಲೆಯಲ್ಲಿತ್ತು. ಎಡಗಡೆ ನೋಡಿದೆ. ಅವಳು ಕೈ ಎತ್ತಿಕೊಂಡು ನಿಂತಿದ್ದಳು. ಕೊಟ್ಟೆ. ಅವಳು ಹೊಡೆದಳು, ಗೋಲಾಯಿತು.

ಇವತ್ತು ಕೊನೆಯ ಪಟ್ಟಿ ಬಂತು. ಮಿಡತೆ ಎರಡನೆಯವಳು. ನಾನು ಐದನೆಯವಳು. ಬರುವ ವರ್ಷ ಮತ್ತೆ ಆಯ್ಕೆಗೆ ಬರಬಹುದು ಎಂದು ಒಂದು ಸಾಲು ಬರೆದುಕೊಟ್ಟಿದ್ದಾರೆ. ಎಂಟನೇ ತಾರೀಕು ಸಂಜೆಯ ಬಸ್ಸಿಗೆ ಬರುತ್ತೇನೆ. ಪೆಟ್ಟಿಗೆ ಕಟ್ಟುವಾಗ ಅತ್ತೆ, ಈಗ ಇಲ್ಲ.

ಹುಡುಗಿಯರು ಹೇಳುತ್ತಿದ್ದಾರೆ, ಹೊಡೆಯಲು ಧೈರ್ಯ ಸಾಲದೆ ಅವಳಿಗೆ ತಳ್ಳಿದೆ ಅಂತ. ಅಲ್ಲ ಅಪ್ಪ. ಅವಳು ನನಗಿಂತ ಒಳ್ಳೆಯ ಜಾಗದಲ್ಲಿದ್ದಳು, ಅದಕ್ಕೇ ಕೊಟ್ಟೆ. ಈ ಸಲ ನಿಮ್ಮ ಹತ್ತಿರ ವಿಡಿಯೊ ಇಲ್ಲ. ಹಿಂದೆ ಮುಂದೆ ಮಾಡಿ ನೋಡುವಂತಿಲ್ಲ. ನಾನು ಹೇಳಿದ್ದನ್ನೇ ನಂಬಬೇಕು. ಆಗುತ್ತದಾ ನಿಮ್ಮ ಕೈಯಲ್ಲಿ?

ಕೋಪ ಪೂರ್ತಿ ಇಳಿಯದ
ನಿಮ್ಮ ಮಗಳು


ಅಕ್ಟೋಬರ್ 4

ಮಗಳೇ,

ಇದು ನೀನು ಹೊರಡುವ ಮುಂಚೆ ಕೈ ಸೇರಲಿ ಎಂದು ಅಂಗಡಿ ಅರ್ಧಕ್ಕೆ ಬಿಟ್ಟು ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ. ಬಸ್ಸಿನ ಹತ್ತಿರ ನಾವಿಬ್ಬರೂ ಇರುತ್ತೇವೆ. ನಿಮ್ಮಮ್ಮ ಈಗಲೇ ಹೊರಟು ನಿಂತಿದ್ದಾಳೆ, ನಾಲ್ಕು ದಿನ ಇದೆ ಎಂದರೂ ಕೇಳುತ್ತಿಲ್ಲ.

ನೀನು ಹೇಳಿದ್ದನ್ನು ನಂಬಿದ್ದೇನೆ. ಕಾಲು ಅಂಕವನ್ನೂ ಕಳೆಯದೆ.

ಇನ್ನೊಂದು ಮಾತಿದೆ. ಎದುರಿಗೆ ನಿಂತು ಹೇಳಲು ಬಾಯಿ ಬರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಐದು ವರ್ಷದ ಹಿಂದೆ ಆ ಮೈದಾನದಲ್ಲಿ ನಾನು ನಿನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅಂಪೈರಿನ ಮಗಳು ಗೋಲು ಹೊಡೆದಳು ಎಂದು ಯಾರೋ ಬೇಲಿಯ ಆಚೆ ನಕ್ಕರು. ನಾನು ಸೀಟಿ ಊದಿದೆ.

ಚೆಂಡು ನಿನ್ನ ಕಾಲಿಗೆ ತಾಗಿರಲಿಲ್ಲ. ನಾನು ನೋಡಿದ್ದೆ.

ಅಪ್ಪ